ಬೀಗಿತ್ತಿಯರ ಹಡಗಿಗೆ ನಾನು ಕೊಟ್ಟ ಗ್ಯಾರಂಟಿ

ಇದನ್ನು ನೀವು ನಂಬೋದಿಲ್ಲ. ಬೇಕಾದರೆ ಪಂಥ ಕಟ್ಟುತ್ತೇನೆ. 'ಏ, ಇವನು ಬಿಡ್ತಾವ್ನೆ' ಅನ್ನಿಸಿದ ಕೂಡಲೇ ಬಸ್ಸು ಹತ್ತಿ ಜಯನಗರಕ್ಕೆ, ನಮ್ಮ ಆಫೀಸಿಗೆ ಬನ್ನಿ. ಫೈಲು ನನ್ನ ಡ್ರಾಯರಿನಲ್ಲೇ ಇದೆ, ಎರಡು ಇಂಚು ದಪ್ಪ. ಟ್ರಾವೆಲ್ ಆಫೀಸಿನಲ್ಲಿ ಕೂತವನ ಕಣ್ಣೆದುರು ಇಂಥವು ವಾರಕ್ಕೊಂದಾದರೂ ಆಗುತ್ತಲೇ ಇರುತ್ತವೆ. ಪಾಸ್‌ಪೋರ್ಟನ್ನು ದೇವರ ಮನೆಯಲ್ಲಿಟ್ಟು, ಪೂಜೆ ಮಾಡಿ, ಫೋಟೋದ ಹಣೆಗೇ ಕುಂಕುಮ ಹಚ್ಚಿಕೊಂಡು ಏರ್‌ಪೋರ್ಟಿಗೆ ಹೋದವರನ್ನು ನೋಡಿದ್ದೇನೆ. ಆದರೆ ಅವರ ಪಾಡು ಅವರದು. ನಾನು ನಕ್ಕು ಮನೆಗೆ ಹೋಗುತ್ತಿದ್ದೆ. ಈ ಸಲದ್ದು ಮಾತ್ರ ನನ್ನ ಕುತ್ತಿಗೆಗೇ ಬಂತು. ಮೂರು ತಿಂಗಳು ನೆಟ್ಟಗೆ ನಿದ್ದೆಯಿಲ್ಲ. ಊಟಕ್ಕೆ ಎರಡು ಮುದ್ದೆ ಇದ್ದದ್ದು ಒಂದಕ್ಕಿಳಿಯಿತು. ನಮ್ಮ ಕಡೆ ಗಂಡಸೊಬ್ಬ ಮುದ್ದೆ ಕಮ್ಮಿ ಮಾಡಿದ ಅಂದರೆ ಪರಿಸ್ಥಿತಿ ಏನು ಅಂತ ನೀವೇ ತಿಳಿದುಕೊಳ್ಳಿ.

೧. ಬರೆದುಕೊಟ್ಟೆ

ನಮ್ಮೂರು ಕನಕಪುರದಿಂದ ಆಚೆ. ಬೆಂಗಳೂರಿಗೆ ಬಂದು ನಾಲ್ಕು ವರ್ಷವಾಯಿತು. ಜರಗನಹಳ್ಳಿಯಲ್ಲಿ ರೂಮು, ಜಯನಗರದಲ್ಲಿ ಕೆಲಸ. ಮಾತಿನಲ್ಲಿ ನನ್ನನ್ನು ಮೀರಿಸುವವನು ಇನ್ನೂ ಹುಟ್ಟಬೇಕು. ಇದು ಜಂಬ ಅಲ್ಲ, ನಮ್ಮ ಓನರ್ರೇ ಒಪ್ಪಿದ್ದು. ಹನ್ನೆರಡನೇ ವಯಸ್ಸಿಗೇ ಒದೆಯುವ ಹಸುವನ್ನು ಸಂತೆಗೆ ಹೊಡೆದುಕೊಂಡು ಹೋಗಿ, 'ಚುರುಕು ಜಾಸ್ತಿ' ಅಂತ ಹೇಳಿ ಮಾರಿ ಬಂದವನು ನಾನು.

ಆ ದಿನ ಆಫೀಸಿಗೆ ಇಬ್ಬರು ಹೆಂಗಸರು ಬಂದರು. ಒಬ್ಬರು ಜಯನಗರದವರೇ, ರಿಟೈರ್ಡ್ ಹೆಡ್‌ಮಿಸ್ಸು. ಇನ್ನೊಬ್ಬರು ಕತ್ರಿಗುಪ್ಪೆ ಆಂಟಿ. ಹೆಡ್‌ಮಿಸ್ಸಿನ ಮಗನಿಗೆ ಆಂಟಿಯ ಮಗಳನ್ನು ಕೊಟ್ಟಿದೆ, ಅವರಿಬ್ಬರ ಮನೆ ಬೇರೆ. ಅಂದರೆ ಇಬ್ಬರೂ ಬೀಗಿತ್ತಿಯರು. 'ನೀವು ಕೂತ್ಕೊಳಿ', 'ಅಯ್ಯೋ, ನೀವು ಮೊದಲು' ಅನ್ನುತ್ತಾ ಐದು ನಿಮಿಷ ಇಬ್ಬರೂ ನಿಂತೇ ಇದ್ದರು. ಸಿಂಗಾಪುರದಿಂದ ಹೊರಡುವ ಕ್ರೂಸ್ ಹಡಗು ಬೇಕು, ಮೂರು ರಾತ್ರಿ, ಇಬ್ಬರಿಗೂ ಒಂದೇ ಕ್ಯಾಬಿನ್ನು. ಹೆಡ್‌ಮಿಸ್ಸಿಗೆ ಯಜಮಾನರಿಲ್ಲ. ಆಂಟಿಯ ಯಜಮಾನರಿಗೆ ಲಾಲ್‌ಬಾಗಿನ ಕೆರೆ ನೋಡಿದರೇ ತಲೆ ಸುತ್ತುತ್ತದಂತೆ. ವಿಮಾನ, ವೀಸಾ, ಹಡಗು ಎಲ್ಲಾ ಸೇರಿ ಇಬ್ಬರಿಗೆ ಎರಡು ಲಕ್ಷ ಮೂವತ್ತು ಸಾವಿರ. ಜೊತೆಗೆ ಟ್ರಾವೆಲ್ ಇನ್ಶೂರೆನ್ಸು. ಅದನ್ನು ಮಾರಿದರೆ ನನಗೆ ಇನ್ಸೆಂಟಿವ್ ಹೆಚ್ಚು.

"ಏನಪ್ಪಾ, ನಮ್ಮ ಬೀಗಿತ್ತಿಗೆ ಹುಷಾರು ತಪ್ಪಿದ್ರೆ?" ಅಂತ ಹೆಡ್‌ಮಿಸ್ಸು ಕೇಳಿದರು.

"ದುಡ್ಡು ವಾಪಸ್ ಮೇಡಂ."

"ನಂಗೇ ಹುಷಾರು ತಪ್ಪಿದ್ರೆ?"

"ಪೂರ್ತಿ ವಾಪಸ್."

"ನಾವಿಬ್ರೂ ಗುಂಡುಕಲ್ಲಿನ ಹಾಗಿದ್ದು, ಹಡಗೇ ಕೆಟ್ಟು ನಿಂತ್ರೆ?"

"ಅದಕ್ಕೂ ವಾಪಸ್. ನನ್ನ ಮಾತೇ ಇನ್ಶೂರೆನ್ಸು ಮೇಡಂ!"

ಪಾಲಿಸಿ ನಲವತ್ತು ಪುಟ ಇತ್ತು. ಓದಿದ್ದೆನಾ ಅಂತೀರಾ? ಹಸು ಮಾರುವಾಗ ಹಸುವನ್ನು ಕೇಳಿದ್ದೆನಾ? ಫಾರಂ ತುಂಬಿಸುವಾಗ "ಬಿಪಿ, ಶುಗರ್, ಏನಾದ್ರೂ ಇದೆಯಾ?" ಅಂದೆ. ಬೀಗಿತ್ತಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಂದೇ ಉಸಿರಿಗೆ "ಛೆ, ಛೆ!" ಅಂದರು. ನಾಲ್ಕೇ ನಿಮಿಷಕ್ಕೆ ಫಾರಂ ಮುಗಿಸಿದೆ.

ಅಷ್ಟಕ್ಕೆ ಬಿಟ್ಟರೆ ಹೆಡ್‌ಮಿಸ್ಸು ಹೇಗಾದಾರು? "ಈಗ ಹೇಳಿದ್ಯಲ್ಲ, ಅದನ್ನ ಬರೆದುಕೊಡು" ಅಂದರು. ನಾನು ಹಿಂದೆ ಮುಂದೆ ನೋಡುವವನೇ? ವಿಸಿಟಿಂಗ್ ಕಾರ್ಡಿನ ಹಿಂಬದಿಯಲ್ಲಿ, 'ಯಾರಿಗೆ ಏನೇ ಆದರೂ ಪೂರ್ತಿ ದುಡ್ಡು ವಾಪಸ್, ಜವಾಬ್ದಾರಿ ನನ್ನದು' ಅಂತ ಬರೆದು ರುಜು ಜಡಿದೆ. "ತಾರೀಖು?" ಅಂದರು. ಅದನ್ನೂ ಹಾಕಿದೆ. ಎರಡು ಸಲ ಓದಿ, ಪರ್ಸಿನಲ್ಲಿ ಮನೆ ಬೀಗದ ಕೈ ಇಡುವ ಜಾಗದಲ್ಲಿ ಸೇರಿಸಿ ಜಿಪ್ ಎಳೆದರು. ನನ್ನ ಹಸು ಕೊಂಡವನೂ ಹಗ್ಗವನ್ನು ಅಷ್ಟು ಜೋಪಾನವಾಗಿ ಹಿಡಿದಿರಲಿಲ್ಲ.

೨. ಪೆನ್ನು ಹೋಯಿತು

ವಿಮಾನ ಮಂಗಳವಾರ. ಸೋಮವಾರ ಮಧ್ಯಾಹ್ನ ಹೆಡ್‌ಮಿಸ್ಸಿನ ಫೋನು ಬಂತು.

"ನಮ್ಮ ಬೀಗಿತ್ತಿಗೆ ಡೆಂಗ್ಯೂ ಅಂತೆ ಕಣಪ್ಪ. ಆಸ್ಪತ್ರೆಗೆ ಸೇರಿಸಿದಾರೆ. ಪ್ಲೇಟ್‌ಲೆಟ್ಟು ಇಳೀತಾ ಇದೆಯಂತೆ."

"ಯೋಚನೆ ಬಿಡಿ ಮೇಡಂ, ನಾನಿದ್ದೀನಿ" ಅಂದೆ. ಹಡಗಿನ ಕಂಪನಿಗೆ ಫೋನು ಹಚ್ಚಿದೆ. ಹಿಂದಿನ ದಿನ ರದ್ದು ಮಾಡಿದರೆ ಒಂದು ಪೈಸೆಯೂ ವಾಪಸ್ ಇಲ್ಲವಂತೆ. ಬೇಕಿದ್ದರೆ ಇನ್ಶೂರೆನ್ಸಿನವರನ್ನು ಕೇಳಿಕೊಳ್ಳಿ ಅಂದರು. ಅರ್ಧವಾದರೂ ಉಳಿಯಲಿ ಅಂತ ಹೆಡ್‌ಮಿಸ್ಸಿಗೆ ಮತ್ತೆ ಫೋನು ಮಾಡಿದೆ. "ಮೇಡಂ, ನೀವೊಬ್ರೇ ಹೋಗಿ ಬಂದ್ರೆ ಹೇಗೆ? ಸಮುದ್ರ ಸಖತ್ತಾಗಿರುತ್ತೆ."

"ಏನಂದೆ? ಬೀಗಿತ್ತಿ ಡ್ರಿಪ್ ಹಾಕಿಸ್ಕೊಂಡು ಮಲಗಿರೋವಾಗ ನಾನು ಹಡಗಲ್ಲಿ ಕಾಲ್ ಮೇಲೆ ಕಾಲ್ ಹಾಕ್ಕೊಂಡು ಐಸ್‌ಕ್ರೀಮ್ ತಿನ್ಲಾ? ವಾಪಸ್ ಬಂದು ಸೊಸೆ ಮುಖ ಹೇಗೆ ನೋಡ್ಲಿ? ನಿಮ್ಮೂರಲ್ಲಿ ಹೀಗೇನಾ ನಂಟಸ್ತಿಕೆ?"

ಊರಿನ ಮಾತು ತೆಗೆದ ಮೇಲೆ ನಾನು 'ತಪ್ಪಾಯ್ತು ಮೇಡಂ' ಅಂತ ಫೋನಿಟ್ಟೆ.

ಸಂಜೆ ಓನರ್ ಕರೆದರು. ನಮ್ಮ ಓನರ್ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಫೋನು ನನ್ನ ಕಡೆ ತಿರುಗಿಸಿದರು. ನನ್ನ ವಿಸಿಟಿಂಗ್ ಕಾರ್ಡಿನ ಫೋಟೋ. ಹೆಡ್‌ಮಿಸ್ಸು ವಾಟ್ಸಾಪ್ ಮಾಡಿದ್ದರು.

"ಇದು ನಿನ್ನ ಅಕ್ಷರಾನಾ?"

"ಹೌದು ಸಾರ್."

"ಇನ್ಶೂರೆನ್ಸ್ ಕ್ಲೇಮ್ ಪಾಸಾದ್ರೆ ಸರಿ. ಆಗ್ಲಿಲ್ಲ ಅಂದ್ರೆ ನೀನು ಕೆಲಸಕ್ಕೆ ಬರೋದು ಬೇಡ. ಎರಡು ಲಕ್ಷ ಮೂವತ್ತು ಸಾವಿರ ಹೇಗೆ ಕಟ್ತೀಯೋ, ನಿಂಗೂ ಅವ್ರಿಗೂ ಬಿಟ್ಟಿದ್ದು."

ನನ್ನ ಸಂಬಳ ಇಪ್ಪತ್ತೆರಡು ಸಾವಿರ. ಆದರೂ ಬಾಯಿ ಅಭ್ಯಾಸ ಬಿಡಬೇಕಲ್ಲ? "ಸಾರ್, ಹದಿನೈದೇ ದಿನದಲ್ಲಿ ದುಡ್ಡು ತರಿಸ್ತೀನಿ. ಬೇಕಾದ್ರೆ ಬರೆದುಕೊಡ್ಲಾ?" ಅಂದೆ.

ಓನರ್ ಎದ್ದು ಬಂದು ನನ್ನ ಜೇಬಿನಲ್ಲಿದ್ದ ಪೆನ್ನು ಕಿತ್ತುಕೊಂಡರು.

೩. ಹದಿನೆಂಟು ಅಡಿ ಪ್ರಯಾಣ

ಆಂಟಿ ವಾರದಲ್ಲಿ ಹುಷಾರಾಗಿ ಮನೆಗೆ ಬಂದರು, ದೇವರು ದೊಡ್ಡವನು. ಕ್ಲೇಮ್ ಫಾರಂ ಅನ್ನು ಹೆಡ್‌ಮಿಸ್ಸೇ ತುಂಬಿ ಕಳಿಸಿದರು. ಪಾಲಿಸಿಯಲ್ಲಿ ಮೊದಲ ಹೆಸರು ಅವರದ್ದೇ. ಹದಿನೈದು ದಿನ ಫೋನು ರಿಂಗಾದಾಗಲೆಲ್ಲಾ ಓಡಿ ಬಂದು ಎತ್ತುತ್ತಿದ್ದೆ. ಹದಿನಾರನೇ ದಿನ ಉತ್ತರ ಬಂತು. ಕ್ಲೇಮ್ ತಿರಸ್ಕೃತ.

ಗಾಡಿ ತೆಗೆದುಕೊಂಡು ಇನ್ಶೂರೆನ್ಸ್ ಆಫೀಸಿಗೆ ಹೊರಟೆ. ಅದು ಬಿಟಿಎಂನಲ್ಲಿ. ಸಿಲ್ಕ್‌ಬೋರ್ಡ್ ಕಡೆ ಟ್ರಾಫಿಕ್ಕು ಕಟ್ಟಿಕೊಂಡು, ಅಷ್ಟೇ ದೂರಕ್ಕೆ ಒಂದೂವರೆ ಗಂಟೆ. ಅಲ್ಲಿನ ಕ್ಲೇಮ್ ಆಫೀಸರ್ ನನ್ನ ವಯಸ್ಸಿನವನೇ, ಕನ್ನಡದವನೇ. ಫಾರಂ ತೋರಿಸಿದ.

"ನೋಡು ಗುರು. ಹೊರಡೋ ಮುಂಚೆ ಕಾಯಿಲೆ ಬಿದ್ರೆ ಒಂದು ಕವರ್. ಅದು ಪ್ರಯಾಣ ಶುರುವಾದ ತಕ್ಷಣ ಮುಗೀತು. ವಿಮಾನ ಹತ್ತಿದ ಮೇಲೆ ಇನ್ನೊಂದು ಕವರ್, ಅದು ಮಂಗಳವಾರದಿಂದ. ನಿಮ್ಮೋರು ಹೊರಟಿದ್ದು ಭಾನುವಾರ, ಕಾಯಿಲೆ ಸೋಮವಾರ. ಎರಡರ ಮಧ್ಯೆ ಬಿದ್ದೋಗಿದೆ."

"ಭಾನುವಾರ ಎಲ್ಲಿಗೆ ಹೊರಟ್ರು?" ಅಂದೆ. ಅವನು ಬೆರಳಿಟ್ಟ ಕಡೆ ನೋಡಿದೆ. 'ಪ್ರಯಾಣ ಆರಂಭ: ಭಾನುವಾರ, ಬೆಳಿಗ್ಗೆ 10.20.' ಹೆಡ್‌ಮಿಸ್ಸಿನ ದುಂಡು ಅಕ್ಷರ.

ಅಲ್ಲಿಂದ ನೇರ ಜಯನಗರ, ಹೆಡ್‌ಮಿಸ್ಸಿನ ಮನೆ. "ಮೇಡಂ, ನೀವು ಹೊರಟಿದ್ದೇ ಇಲ್ವಲ್ಲ! ಇದೇನು ಭಾನುವಾರ?"

"ಹೊರಟಿದ್ದೆನಲ್ಲಪ್ಪ. ಮಂಗಳವಾರ ಪ್ರಯಾಣಕ್ಕೆ ಒಳ್ಳೇದಲ್ಲ. ಅದಕ್ಕೇ ಭಾನುವಾರ ರಾಹುಕಾಲ ಬಿಟ್ಟು, ಗಳಿಗೆ ನೋಡಿ ಪ್ರಸ್ಥಾನ ಇಟ್ವಿ. ನಮ್ಮಿಬ್ಬರ ಸೂಟ್‌ಕೇಸೂ ಎದುರು ಮನೇಲಿ ಇಟ್ಟು ಬಂದೆ. ಸಾಮಾನು ಮನೆ ಬಿಟ್ಟ ಮೇಲೆ ಪ್ರಯಾಣ ಶುರುವಾದ ಹಾಗೇ ಲೆಕ್ಕ."

"ಅದನ್ನ ಫಾರಂನಲ್ಲಿ ಯಾಕೆ ಬರೆದ್ರಿ?"

"ಕೇಳಿದ್ರು, ಬರೆದೆ. ಮೂವತ್ನಾಲ್ಕು ವರ್ಷ ಮಕ್ಕಳಿಗೆ ಪಾಠ ಹೇಳಿದೋಳು, ಸುಳ್ಳು ಬರೀಲಾ?"

ತಲೆ ಮೇಲೆ ಕೈಹೊತ್ತು ಅವರ ಮೆಟ್ಟಿಲ ಮೇಲೆ ಕೂತೆ. ಎದುರು ಮನೆ ಗೇಟು ಕಾಣುತ್ತಿತ್ತು. ನನ್ನ ತಲೆ ಎಂಥದ್ದು ಅಂತ ಆಗ ಗೊತ್ತಾಗಿದ್ದು. ಟೇಪು ತರಿಸಿ ರಸ್ತೆಯನ್ನೇ ಅಳೆದು ನಕ್ಷೆ ಬರೆದೆ. ಗೇಟಿನಿಂದ ಗೇಟಿಗೆ ಹದಿನೆಂಟು ಅಡಿ. ಎದುರು ಮನೆ ಅಂಕಲ್ ಕೈಯಲ್ಲಿ ಕಾಗದ ಬರೆಸಿದೆ: 'ಭಾನುವಾರ ನಮ್ಮ ಮನೆಗೆ ಎರಡು ಸೂಟ್‌ಕೇಸುಗಳು ಬಂದದ್ದು ನಿಜ. ಅವುಗಳ ಜೊತೆ ಮನುಷ್ಯರು ಯಾರೂ ವಾಸ್ತವ್ಯಕ್ಕೆ ಬರಲಿಲ್ಲ.' ಮತ್ತೆ ಸಿಲ್ಕ್‌ಬೋರ್ಡ್, ಮತ್ತೆ ಒಂದೂವರೆ ಗಂಟೆ.

ಆಫೀಸರ್ ಕಾಗದ ಓದಿದ. ರಸ್ತೆಯ ನಕ್ಷೆ ನೋಡಿದ. ಕಂಪ್ಯೂಟರಿನಲ್ಲಿ ತಿರಸ್ಕೃತ ಅನ್ನುವುದನ್ನು ಅಳಿಸಿ 'ಮರುಪರಿಶೀಲನೆ' ಅಂತ ಒತ್ತಿದ. ನಾನು ಉಸಿರು ಬಿಡುವಷ್ಟರಲ್ಲಿ ತಲೆ ಎತ್ತಿ ಕೇಳಿದ: "ಅಂದ್ರೆ ಸೂಟ್‌ಕೇಸ್ ಮಾತ್ರ ಪ್ರಯಾಣ ಮಾಡಿದೆ ಅಂತಾಯ್ತು. ಅದು ಸುರಕ್ಷಿತವಾಗಿ ವಾಪಸ್ ಬಂತಾ ಗುರು?"

೪. ಕಂಪ್ಯೂಟರಿಗೆ ತಿಳಿಯದ ನಂಟು

ಎಂಟು ದಿನ ಬಿಟ್ಟು ಅವನೇ ಫೋನು ಮಾಡಿದ. "ಇನ್ನೊಂದು ತೊಡಕು ಗುರು. ಕಾಯಿಲೆ ಬಿದ್ದೋರ ದುಡ್ಡು ಬರುತ್ತೆ. ಆದ್ರೆ ಚೆನ್ನಾಗಿದ್ದ ಮೇಡಂ ಯಾಕೆ ಹೋಗ್ಲಿಲ್ಲ? ಅವ್ರಿಗೆ ದುಡ್ಡು ಬರ್ಬೇಕು ಅಂದ್ರೆ ಇಬ್ಬರಿಗೂ ಹತ್ತಿರದ ಸಂಬಂಧ ಇರ್ಬೇಕು."

"ಬೀಗಿತ್ತೀರು ಕಣೋ! ಇನ್ನೆಷ್ಟು ಹತ್ರ ಬೇಕು?"

"ನಂಗೊತ್ತು ಮಾರಾಯ. ಕಂಪ್ಯೂಟರಿಗೆ ಗೊತ್ತಿಲ್ಲ. ಅದ್ರಲ್ಲಿ ಗಂಡ, ಹೆಂಡ್ತಿ, ಅಪ್ಪ, ಅಮ್ಮ, ಮಕ್ಕಳು, ಒಡಹುಟ್ಟಿದೋರು, ಅಷ್ಟೇ ಇರೋದು."

"ಅಕ್ಕ ತಂಗಿ ಅಂತ ಒತ್ತು."

"ಒತ್ತಿದ್ರೆ ನಿಮ್ಮ ಮೇಡಂ ಸುಮ್ನಿರ್ತಾರಾ?"

ಅದೂ ನಿಜ. ಕೊನೆಗೆ ಅವನೇ ದಾರಿ ಹೇಳಿದ. 'ಜೊತೆ ಪ್ರಯಾಣಿಕರು' ಅಂತ ಇನ್ನೊಂದು ಕಲಂ ಇದೆ. ಇವರಿಲ್ಲದೆ ಅವರು ಹೋಗುವ ಹಾಗೇ ಇರಲಿಲ್ಲ ಅಂತ ಚೆನ್ನಾಗಿದ್ದವರು ಕೈಯಾರೆ ಬರೆದುಕೊಡಬೇಕು, ಕಾಯಿಲೆ ಬಿದ್ದವರು ಓದಿ ಒಪ್ಪಿ ಸಹಿ ಹಾಕಬೇಕು.

ಹೆಡ್‌ಮಿಸ್ಸು ಕನ್ನಡಕ ಹಾಕಿಕೊಂಡು ಕೂತರು. ನಾನು ಪಕ್ಕದಲ್ಲಿ ನಿಂತು, "ಸ್ವಲ್ಪ ಜೋರಾಗಿ ಬರೀರಿ ಮೇಡಂ, ಓದಿದೋರಿಗೆ ಕರುಳು ಚುರುಕ್ ಅನ್ಬೇಕು" ಅಂದೆ. ಒಂದು ಸಲ ನನ್ನನ್ನು ನೋಡಿ, ಬರೆಯತೊಡಗಿದರು: 'ನಮ್ಮ ಬೀಗಿತ್ತಿಯವರು ನನಗೆ ಒಡಹುಟ್ಟಿದ ತಂಗಿಗಿಂತ ಹೆಚ್ಚು. ಅವರ ಆದರ, ಅವರ ದೊಡ್ಡ ಮನಸ್ಸು ಕಂಡವಳು ನಾನು. ಅವರಿಲ್ಲದ ಹಡಗಿನಲ್ಲಿ ನಾನು ಕಾಲಿಡಲಾರೆ.'

ಕಾಗದ ಹಿಡಿದು ಕತ್ರಿಗುಪ್ಪೆಗೆ ಹೋದೆ. ಆಂಟಿ ಇನ್ನೂ ಸುಸ್ತಾಗಿದ್ದರು, ಸೋಫಾದ ಮೇಲೆ ಒರಗಿ ಕೂತಿದ್ದರು. ಓದುತ್ತಾ ಓದುತ್ತಾ ಕಣ್ಣು ತುಂಬಿ ಬಂತು. ಸೆರಗಿನಲ್ಲಿ ಒರೆಸಿಕೊಂಡರು. ಇನ್ನೊಂದು ಸಲ ಓದಿದರು. ನಾನು ಪೆನ್ನು ಮುಂದೆ ಹಿಡಿದೆ. ಓನರ್ ಕಿತ್ತುಕೊಂಡ ಮೇಲೆ ಹೊಸದು ಕೊಂಡಿದ್ದೆ.

"ಸಹಿ ಇರ್ಲಿ ಕಣಪ್ಪ" ಅಂದರು ಆಂಟಿ. "ಮೊದಲು ಇದನ್ನ ಜೆರಾಕ್ಸ್ ಮಾಡಿಸಿ, ಲ್ಯಾಮಿನೇಷನ್ ಹಾಕಿಸ್ಕೊಂಡು ಬಾ. ಮದುವೇಲಿ ಬೆಳ್ಳಿ ತಟ್ಟೆ ಸಣ್ಣದಾಯ್ತು ಅಂತ ಮೂರು ದಿನ ಮುಖ ಊದಿಸ್ಕೊಂಡಿದ್ದೋರು ಇದೇ ಬೀಗಿತ್ತಿ. ಈಗ ನೋಡು, ದೊಡ್ಡ ಮನಸ್ಸು ಅಂತ ಅವರ ಕೈಯಾರೆ ಬರೆದಿದಾರೆ. ಇದು ಹಾಲ್‌ನ ಗೋಡೆ ಮೇಲೆ ಇರ್ಬೇಕು."

ಆ ಲ್ಯಾಮಿನೇಷನ್ ಖರ್ಚು ಮೂವತ್ತು ರೂಪಾಯಿ. ಅದು ಯಾವ ಪಾಲಿಸಿಯಲ್ಲೂ ಬರುವುದಿಲ್ಲ.

೫. ಬಚ್ಚಿಟ್ಟ ಮಾತ್ರೆ

ಎರಡು ತಿಂಗಳು ಕಳೆಯಿತು. ಓನರ್ ನನ್ನ ಕೆಲಸಕ್ಕೆ ಇನ್ನೊಬ್ಬ ಹುಡುಗನನ್ನು ಇಂಟರ್‌ವ್ಯೂ ಮಾಡಿದರು, ಅದೂ ನನ್ನ ಕುರ್ಚಿಯಲ್ಲೇ ಕೂರಿಸಿ. ಅವನಿಗೆ ಟೀ ತಂದುಕೊಟ್ಟವನು ನಾನು. ಆ ಸಂಜೆಯೇ ಇನ್ಶೂರೆನ್ಸಿನವನ ಫೋನು.

"ಗುರು, ಆಸ್ಪತ್ರೆ ಪೇಪರಲ್ಲಿ ಕತ್ರಿಗುಪ್ಪೆ ಅಮ್ಮಂಗೆ ಐದು ವರ್ಷದಿಂದ ಬಿಪಿ ಇದೆ, ಮಾತ್ರೆ ತಗೋತಿದಾರೆ ಅಂತ ಬರೆದಿದಾರೆ. ನಿನ್ನ ಫಾರಂನಲ್ಲಿ ಏನೂ ಇಲ್ಲ ಅಂತಿದೆ. ಡೆಂಗ್ಯೂಗೂ ಬಿಪಿಗೂ ಸಂಬಂಧ ಇಲ್ಲ ಅಂತ ಡಾಕ್ಟರ್ ಹತ್ರ ಬರೆಸ್ಕೊಂಡು ಬಾ. ತಿದ್ದಿದ ಫಾರಂಗೆ ಪಾಲಿಸಿಲಿರೋ ಇಬ್ರೂ ಸಹಿ ಹಾಕ್ಬೇಕು. ಇದೊಂದಾದ್ರೆ ಮುಗೀತು. ಇದಾಗ್ಲಿಲ್ಲ ಅಂದ್ರೂ ಮುಗೀತು."

ಕತ್ರಿಗುಪ್ಪೆಗೆ ಓಡಿದೆ. ಆಂಟಿ ಬಾಗಿಲು ಹಾಕಿ, ದನಿ ತಗ್ಗಿಸಿ ಹೇಳಿದರು. "ಅವತ್ತು ಬೀಗಿತ್ತಿ ಪಕ್ಕದಲ್ಲೇ ಕೂತಿದ್ರಲ್ಲಪ್ಪ, ಹೇಗೆ ಹೇಳ್ಲಿ? ಮದುವೆ ಮಾತುಕತೇಲಿ ನಮ್ಮ ಕಡೆ ಯಾರಿಗೂ ಯಾವ ಕಾಯಿಲೇನೂ ಇಲ್ಲ ಅಂದಿದ್ವಿ. ಐದು ವರ್ಷದಿಂದ ಮಾತ್ರೆನ ಮೆಂತ್ಯದ ಡಬ್ಬೀಲಿ ಇಡ್ತಿದ್ದೀನಿ. ಡಾಕ್ಟರ್ ಚೀಟಿ ತರಿಸ್ತೀನಿ, ನಾನು ಸಹಿ ಹಾಕ್ತೀನಿ. ಆದ್ರೆ ಅವ್ರಿಗೆ ಗೊತ್ತಾಗ್ಬಾರ್ದು. ನನ್ನ ಮಗಳ ಬಾಳಿನ ಪ್ರಶ್ನೆ."

ಎರಡು ದಿನ ಕಾಗದ ಬ್ಯಾಗಿನಲ್ಲೇ ಇಟ್ಟುಕೊಂಡು ಓಡಾಡಿದೆ. ಇತ್ತ ನನ್ನ ಕೆಲಸ, ಅತ್ತ ಒಬ್ಬ ಹೆಣ್ಣುಮಗಳ ಬಾಳು. ಮೂರನೇ ದಿನ ಗಟ್ಟಿ ಮನಸ್ಸು ಮಾಡಿ ಹೆಡ್‌ಮಿಸ್ಸಿನ ಮನೆಗೆ ಹೋದೆ. ಕಾಗದವನ್ನು ನಾಲ್ಕು ಮಡಿಕೆ ಮಡಿಸಿ, ಸಹಿಯ ಜಾಗ ಮಾತ್ರ ಕಾಣುವ ಹಾಗೆ ಹೆಬ್ಬೆರಳಲ್ಲಿ ಒತ್ತಿ ಹಿಡಿದುಕೊಂಡೆ.

"ಇಲ್ಲೊಂದು ಸಹಿ ಮೇಡಂ. ಸುಮ್ನೆ ಫಾರ್ಮಾಲಿಟಿ."

"ಓದದೇ ರುಜು ಹಾಕೋ ಅಭ್ಯಾಸ ನಂಗಿಲ್ಲ. ಅದು ನಿಂದು. ಬೆರಳು ತೆಗಿ."

ತೆಗೆದೆ. ಮಡಿಕೆ ಬಿಡಿಸಿ ಪೂರ್ತಿ ಓದಿದರು. ನನ್ನ ಕೆಲಸ ಹೋಯಿತು, ಆಂಟಿಯ ಮಾನ ಹೋಯಿತು ಅಂದುಕೊಂಡೆ. ಹೆಡ್‌ಮಿಸ್ಸು ಎದ್ದು ಒಳಗೆ ಹೋದರು. ಬೀರು ತೆಗೆದ ಸದ್ದು. ಒಂದು ಹಳೇ ಬಿಸ್ಕತ್ತಿನ ಡಬ್ಬಿ ತಂದು ನನ್ನ ಮುಂದಿಟ್ಟು ಮುಚ್ಚಳ ತೆಗೆದರು. ತುಂಬಾ ಮಾತ್ರೆ.

"ನಂಗೆ ಸಕ್ಕರೆ ಕಾಯಿಲೆ. ಏಳು ವರ್ಷ ಆಯ್ತು" ಅಂದರು.

"ಮೇಡಂ! ಸುಳ್ಳು ಬರೆಯಲ್ಲ ಅಂತಿದ್ರಲ್ಲ?"

"ನಾನೆಲ್ಲಿ ಬರೆದೆ? ಬರೆದೋನು ನೀನು. ನಾನು ಛೆ ಛೆ ಅಂದೆ, ಅಷ್ಟೇ." ಡಬ್ಬಿಯ ಮುಚ್ಚಳ ಹಾಕುತ್ತಾ, "ನನ್ನದನ್ನೂ ಬೇರೆ ಹಾಳೇಲಿ ಬರಿ, ರುಜು ಹಾಕ್ತೀನಿ. ಆಕೆಗೆ ಮಾತ್ರ ಹೇಳ್ಬೇಡ. ಮಾತುಕತೇಲಿ ನಾವೂ ಹಾಗೇ ಹೇಳಿದ್ವಿ" ಅಂದರು.

ಎರಡೂ ಗುಟ್ಟು ನನ್ನ ಹೊಟ್ಟೆಯಲ್ಲೇ ಇಟ್ಟುಕೊಂಡೆ. ನಮ್ಮೂರಿನವರ ಹೊಟ್ಟೆಗೆ ಹಾಕಿದ್ದು ಆಚೆ ಬರುವ ಮಾತೇ ಇಲ್ಲ. ಎರಡು ಹಾಳೆ, ಡಾಕ್ಟರ್ ಚೀಟಿ ಎಲ್ಲಾ ಬಿಟಿಎಂಗೆ ಮುಟ್ಟಿಸಿ ಬಂದೆ.

ಮಾರನೇ ದಿನ ಇನ್ಶೂರೆನ್ಸ್ ಕಂಪನಿಯ ಕಂಪ್ಯೂಟರು ತಾನೇ ತಾನಾಗಿ ಇಬ್ಬರಿಗೂ ಸೇರಿಸಿ ಒಂದೇ ಮೇಲ್ ಕಳಿಸಿತು: 'ಮೊದಲ ಪ್ರಯಾಣಿಕರ ಮಧುಮೇಹ ಹಾಗೂ ಎರಡನೇ ಪ್ರಯಾಣಿಕರ ರಕ್ತದೊತ್ತಡದ ವಿವರಗಳು ತಲುಪಿವೆ. ಧನ್ಯವಾದಗಳು.'

ನಾನು ಫೋನು ಸ್ವಿಚ್ ಆಫ್ ಮಾಡಿ ಮಡಿವಾಳ ಕೆರೆ ದಂಡೆಯ ಮೇಲೆ ಕೂತುಬಿಟ್ಟೆ. ಸಂಜೆ ಆನ್ ಮಾಡಿದರೆ ಇಬ್ಬರದ್ದೂ ಮೆಸೇಜು. ಹೆಡ್‌ಮಿಸ್ಸು: 'ಆಕೆ ಮೇಲ್ ನೋಡ್ತಾರಾ?' ಆಂಟಿ: 'ಅವ್ರು ಮೇಲ್ ನೋಡ್ತಾರಾ?' ಇಬ್ಬರಿಗೂ ಒಂದೇ ಉತ್ತರ ಹಾಕಿದೆ: 'ಛೆ, ಛೆ!'

೬. ಮಾತಿಗೆ ತಪ್ಪದವನು

ಮೂರು ತಿಂಗಳು ತುಂಬಿದ ದಿನ ಫೋನು. "ಪಾಸಾಯ್ತು ಗುರು!" ಆಫೀಸಿನಲ್ಲೇ ಒಂದು ಕೂಗು ಹಾಕಿದೆ. ಎರಡು ಲಕ್ಷ ಇಪ್ಪತ್ತೊಂದು ಸಾವಿರದ ಎಂಟುನೂರು ಬೀಗಿತ್ತಿಯರ ಖಾತೆಗೆ ಬಂತು. ವೀಸಾ ಖರ್ಚು ಎಂಟು ಸಾವಿರದ ಇನ್ನೂರು ಮಾತ್ರ ಪಾಲಿಸಿಯಲ್ಲಿ ಇರಲಿಲ್ಲ.

ಓನರ್ ಕರೆದು "ಕೆಲಸ ಮಾಡ್ಕೊಂಡಿರು" ಅಂದರು. ನಾನು ಎದೆಯುಬ್ಬಿಸಿ "ಆ ಬುಕಿಂಗಿನ ಇನ್ಸೆಂಟಿವ್ ಸಾರ್?" ಅಂದೆ.

"ಬುಕಿಂಗೇ ರದ್ದಾಯ್ತಲ್ಲಯ್ಯ. ಕೊಟ್ಟಿದ್ದನ್ನೂ ಈ ತಿಂಗಳ ಸಂಬಳದಲ್ಲಿ ಹಿಡ್ಕೊಂಡಿದ್ದೀನಿ."

ಹೋಗಲಿ, ಕೆಲಸ ಉಳಿಯಿತು. ಆದರೆ ಎಂಟು ಸಾವಿರದ ಇನ್ನೂರು ತಲೆ ತಿನ್ನತೊಡಗಿತು. ಕಾರ್ಡಿನಲ್ಲಿ ಬರೆದಿದ್ದು 'ಪೂರ್ತಿ ದುಡ್ಡು'. ಇವತ್ತಲ್ಲ ನಾಳೆ ಹೆಡ್‌ಮಿಸ್ಸು ಕೇಳೇ ಕೇಳುತ್ತಾರೆ. ಅವರು ಕೇಳುವ ಮುಂಚೆ ನಾನೇ ಕೊಟ್ಟುಬಿಟ್ಟರೆ? ನಮ್ಮ ಕಡೆ ಒಂದು ಪದ್ಧತಿ ಇದೆ. ಕೊಡುವವನು "ತಗೊ" ಅನ್ನಬೇಕು, ತೆಗೆದುಕೊಳ್ಳುವವನು "ಬ್ಯಾಡ ಬಿಡು" ಅನ್ನಬೇಕು. ಹೀಗೆ ಮೂರು ಸಲ ಆದ ಮೇಲೆ ಕೊಡುವವನು ದುಡ್ಡನ್ನು ಜೇಬಿಗೆ ಹಾಕಿಕೊಳ್ಳಬೇಕು. ಮಾತೂ ಉಳಿಯಿತು, ದುಡ್ಡೂ ಉಳಿಯಿತು. ಆ ಧೈರ್ಯದ ಮೇಲೆ ರೂಮ್‌ಮೇಟ್ ಹತ್ತಿರ "ಸಂಜೆ ವಾಪಸ್ ಕೊಡ್ತೀನಿ ಮಗಾ" ಅಂತ ಹೇಳಿ ಎಂಟು ಸಾವಿರದ ಇನ್ನೂರು ಈಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಭಾನುವಾರ ಜಯನಗರಕ್ಕೆ ಹೋದೆ.

ಇಬ್ಬರು ಬೀಗಿತ್ತಿಯರೂ ಅಲ್ಲೇ ಇದ್ದರು. ಕಾಫಿ ಬಂತು, ಸಕ್ಕರೆ ಇರಲಿಲ್ಲ. ಉಪ್ಪಿಟ್ಟು ಬಂತು, ಉಪ್ಪಿರಲಿಲ್ಲ. ಆ ವಿಷಯ ಯಾರೂ ಎತ್ತಲಿಲ್ಲ. ನಾನೂ ಕಣ್ಣುಮುಚ್ಚಿ ನುಂಗಿದೆ.

ಆಮೇಲೆ ಎದ್ದು ನಿಂತು, ಎರಡೂ ಕೈಯಲ್ಲಿ ಕವರು ಹಿಡಿದು ಹೇಳಿದೆ. "ಮೇಡಂ, ಪೂರ್ತಿ ದುಡ್ಡು ಅಂತ ಬರೆದುಕೊಟ್ಟಿದ್ದೆ. ವೀಸಾ ದುಡ್ಡು ಎಂಟು ಸಾವಿರದ ಇನ್ನೂರು ಬಂದಿಲ್ಲ. ನಮ್ಮೂರೋರು ಮಾತಿಗೆ ತಪ್ಪೋ ಜನ ಅಲ್ಲ. ತಗೊಳಿ."

ಆಂಟಿ, "ಅಯ್ಯೋ, ಪಾಪ ಕಣ್ರೀ, ಹುಡುಗ..." ಅಂತ ಶುರುಮಾಡಿದರು. ಒಂದು ಸಲ ಆಯಿತು, ಇನ್ನೆರಡು ಬಾಕಿ ಅಂತ ನಾನು ಮನಸ್ಸಿನಲ್ಲೇ ಎಣಿಸಿಕೊಂಡೆ.

ಹೆಡ್‌ಮಿಸ್ಸು ಕವರು ತೆಗೆದುಕೊಂಡರು. ಬೆರಳಿಗೆ ನೀರು ಮುಟ್ಟಿಸಿಕೊಂಡು ಎಣಿಸಿದರು. "ಸರಿಯಾಗಿದೆ" ಅಂದರು. ನಾಲ್ಕು ಸಾವಿರದ ನೂರು ಬೀಗಿತ್ತಿಯ ಕೈಗಿಟ್ಟು, ಉಳಿದದ್ದನ್ನು ಪರ್ಸಿಗೆ ಸೇರಿಸಿದರು.

"ಮೇಡಂ..." ಅಂದೆ. ಮುಂದೆ ಮಾತೇ ಹೊರಡಲಿಲ್ಲ. ಜೀವನದಲ್ಲಿ ಮೊದಲನೇ ಸಲ.

"ತುಂಬಾ ಸಂತೋಷ ಕಣಪ್ಪ. ಇವತ್ತು ನಾನು ಬೇಡ ಅಂದಿದ್ರೆ, ನಾಳೆ ನೀನು ಇನ್ನೊಬ್ಬರಿಗೂ ಓದದೇ ಬರೆದುಕೊಡ್ತಿದ್ದೆ."

"ಬರಿಗೈಲಿ ಕಳಿಸ್ಬಾರ್ದು ಕಣ್ರೀ ಅವನ್ನ" ಅಂದರು ಆಂಟಿ. ಇಬ್ಬರೂ ಒಳಗೆ ಹೋದರು. ಬೀರು ತೆಗೆದ ಸದ್ದು, ಪಿಸುಮಾತು. "ಪಂಚೆ ಇಲ್ವಾ?" "ಗಂಡಸರ ಬಟ್ಟೆ ಈ ಮನೇಲಿ ಎಲ್ಲಿಂದ ಬರ್ಬೇಕು?" "ಇದನ್ನೇ ಕೊಡಿ ಮತ್ತೆ, ಮುಂದೆ ಹೆಂಡ್ತಿ ಬರ್ತಾಳಲ್ಲ." ನನ್ನನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿ, ಹಣೆಗೆ ಕುಂಕುಮ ಇಟ್ಟು, ತಟ್ಟೆ ಮುಂದೆ ಹಿಡಿದರು.

ಒಂದು ತೆಂಗಿನಕಾಯಿ, ಎರಡು ಬಾಳೆಹಣ್ಣು, ಎಲೆ ಅಡಿಕೆ, ಮತ್ತು ಹಸಿರು ಬಣ್ಣದ ಒಂದು ರವಿಕೆ ಕಣ.